ಯಾರೂ ಇಲ್ಲೆ

ಹೊಲಿಗೆ ಮಿಷನ್ನಿಗೆ ಬಿಡುವ ಎಣ್ಣೆಗೆ ಅದರದ್ದೇ ಒಂದು ವಾಸನೆ ಇದೆ. ಸೀಮೆಎಣ್ಣೆಯದ್ದಲ್ಲ, ತೆಂಗಿನೆಣ್ಣೆಯದ್ದಂತೂ ಅಲ್ಲ. ಹೊಸ ಬಟ್ಟೆಯ ಗಂಜಿ ವಾಸನೆಯ ಜೊತೆ ಸೇರಿದಾಗಲೇ ಅದು ಸರಿಯಾಗಿ ಮೂಗಿಗೆ ಹತ್ತುವುದು. ಕಳೆದ ತಿಂಗಳು ಬ್ರಹ್ಮಾವರದಲ್ಲಿ ಹೊಸದಾಗಿ ಬಾಗಿಲು ತೆರೆದ ಹೊಲಿಗೆ ಅಂಗಡಿಯೊಂದಕ್ಕೆ ರವಿಕೆ ಬಟ್ಟೆ ಹಿಡಿದುಕೊಂಡು ಹೋಗಿದ್ದೆ. ಹೊಸಬರ ಕೈಗೆ ಬಟ್ಟೆ ಕೊಡುವುದೆಂದರೆ ನನಗೆ ಮೊದಲೇ ಅನುಮಾನ. ಅಳತೆ ಸರಿ ತೆಗೆಯುತ್ತಾರೋ ಇಲ್ಲವೋ, ಮಿಕ್ಕಿದ ತುಂಡು ವಾಪಸು ಬರುತ್ತದೋ ಇಲ್ಲವೋ... ಅದಕ್ಕೇ ಮೆಟ್ಟಿಲ ಮೇಲೆ ನಿಂತು ಒಳಗೆ ಇಣುಕುತ್ತಿದ್ದೆ. ಪರದೆಯ ಹಿಂದೆ ಯಾರೋ ಮಿಷನ್ ತುಳಿಯುತ್ತಿದ್ದರು. ಆ ವಾಸನೆ ಬಂತು. ನಮ್ಮ ಕಡೆಯ ರೂಢಿಯಂತೆ, "ಹ್ವಾಯ್, ಯಾರಿದ್ರಿ?" ಎಂದು ಕೂಗಿದೆ. ಮಿಷನ್ ಗಪ್ಪನೆ ನಿಂತಿತು. ಒಳಗಿನಿಂದ ಒಂದು ಹುಡುಗಿಯ ದನಿ ಬಂತು.

"ಯಾರೂ ಇಲ್ಲೆ."

ನಾನು ಚೀಲ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಆಮೇಲೆ ಅಂಗಡಿಯವಳು ಬಂದಳು, ಅಳತೆ ತೆಗೆದಳು, ಚೀಟಿ ಕೊಟ್ಟಳು. ನನ್ನ ಗಮನ ಯಾವುದರ ಮೇಲೂ ಇರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೂ ಮೂಗಿನಲ್ಲಿ ಅದೇ ಎಣ್ಣೆ, ಕಿವಿಯಲ್ಲಿ ಅದೇ ಮಾತು. ನಮಗೆ ಹೊಲಿಗೆ ಕಲಿಸಿದ ಕ್ಲಾಸಕ್ಕ ಇದ್ದಿದ್ದರೆ ಆ ಹುಡುಗಿಯನ್ನು ಅಷ್ಟಕ್ಕೇ ಬಿಡುತ್ತಿರಲಿಲ್ಲ.

ಕುಂದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದಲ್ಲಿ ನಿಂತು ಯಾರಾದರೂ "ಯಾರಿದ್ರಿ ಮನಿಯಂಗೆ?" ಎಂದು ಕೇಳಿದರೆ, ಒಳಗೆ ಇರುವುದು ಹೆಂಗಸೋ ಹುಡುಗಿಯೋ ಆದರೆ, ಉತ್ತರ ಒಂದೇ: ಯಾರೂ ಇಲ್ಲೆ. ಅಂದರೆ ಗಂಡಸರು ಇಲ್ಲ, ದೊಡ್ಡವರು ಇಲ್ಲ. ಹೇಳುತ್ತಿರುವವಳು ಲೆಕ್ಕಕ್ಕೇ ಇಲ್ಲ. ಕೇಳಿದವರೂ "ಹೌದಾ, ಹಂಗಾರೆ ಮತ್ ಬತ್ತೆ" ಎಂದು ತಿರುಗಿ ಹೋಗುತ್ತಾರೆ. ಇದರಲ್ಲಿ ಏನೋ ತಪ್ಪಿದೆ ಎಂದು ನನಗೆ ಹದಿನಾಲ್ಕು ವರ್ಷದವರೆಗೆ ಹೊಳೆದಿರಲೇ ಇಲ್ಲ. ಎಲ್ಲದರಲ್ಲೂ ಹುಳುಕು ಹುಡುಕುವ ನನಗೇ ಹೊಳೆದಿರಲಿಲ್ಲ!

ಹುಳುಕು ಹುಡುಕುವುದು ನಮ್ಮ ಮನೆಯಲ್ಲಿ ಬಂದ ಬುದ್ಧಿ. ಅಪ್ಪಯ್ಯ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಬರುತ್ತಿದ್ದರು. ಹೆಮ್ಮಾಡಿಯ ಒಳದಾರಿಯ ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಗಂಡಸಿಲ್ಲದ ಮನೆ ಎಂದು ಅಮ್ಮನಿಗೆ ಸದಾ ಎಚ್ಚರ. ಮೀನಿನವಳು ಬುಟ್ಟಿಯ ಮೇಲೆ ಒಳ್ಳೆಯ ಮೀನಿಟ್ಟು ಅಡಿಯಲ್ಲಿ ಹಳತು ಇಟ್ಟಿದ್ದಾಳೆ, ಪಕ್ಕದ ಮನೆಯವರು ಬೇಲಿಯನ್ನು ಒಳಗೆ ಸರಿಸಿದ್ದಾರೆ, ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಎಂದದ್ದು ಸುಳ್ಳು. ಅಮ್ಮ ಹೀಗೆಂದರೆ ನಾನು ಹೌದೆನ್ನುವುದು, ನಾನಂದರೆ ಅಮ್ಮ. ಈಗ ನಾನು ಸಹಕಾರಿ ಸೊಸೈಟಿಯಲ್ಲಿ ಸಹಿ ತಾಳೆ ನೋಡುವ ಕೆಲಸದಲ್ಲಿದ್ದೇನೆ. ಆ ಬುದ್ಧಿಗೆ ಸಂಬಳವೂ ಸಿಗುತ್ತದೆ ಎಂದಾಯಿತು.

ಕ್ಲಾಸಕ್ಕ ಹೆಮ್ಮಾಡಿಗೆ ಬಂದದ್ದು ಕೊಂಕಣ ರೈಲು ಓಡಲು ಶುರುವಾದ ಸಮಯಕ್ಕೆ. ಹೈವೇ ಬದಿಯಲ್ಲಿ ಮೊದಲು ಹಿಟ್ಟಿನ ಮಿಲ್ಲು ಇದ್ದ ಕೋಣೆಯನ್ನು ಬಾಡಿಗೆಗೆ ಹಿಡಿದರು. ಎರಡು ತುಳಿಯುವ ಮಿಷನ್, ಒಂದು ಕತ್ತರಿಸುವ ಮೇಜು, ಒಂದು ಟ್ರಂಕು. ಹೊಲಿಗೆ ಕ್ಲಾಸು, ಹೆಣ್ಣುಮಕ್ಕಳಿಗೆ ಮಾತ್ರ ಎಂದು ಬೋರ್ಡು ತೂಗುಹಾಕಿದರು. ಹೊಲಿಗೆ ಕ್ಲಾಸಿನ ಅಕ್ಕ ಎನ್ನುವುದು ನಮ್ಮ ಬಾಯಲ್ಲಿ ತುಂಡಾಗಿ ಕ್ಲಾಸಕ್ಕ ಆಯಿತು. ನಲವತ್ತರ ಆಸುಪಾಸಿನ ಸಪೂರ ಹೆಂಗಸು. ವಾಚನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಮಾತು ನಮ್ಮದೇ, ಆದರೆ ನಡುನಡುವೆ "ಅಚ್ಛಾ", "ಬಸ್" ಎಂದು ಸೇರಿಸುತ್ತಿದ್ದರು. ತವರು ಮರವಂತೆಯಂತೆ. ಆ ಮನೆಯ ಜಾಗ ಕಡಲಿಗೆ ಹೋಯಿತಂತೆ. ಬೊಂಬಾಯಿಯಲ್ಲಿ ತುಂಬ ವರ್ಷ ಇದ್ದರಂತೆ. ಗಂಡ? ಆ ಪ್ರಶ್ನೆಗೆ ಮಾತ್ರ ಊರಿನಲ್ಲಿ ಯಾರ ಬಳಿಯೂ "ಅಂತೆ" ಇರಲಿಲ್ಲ.

ಸಾಕಲ್ಲ, ಊರಿಗೆ ಇನ್ನೇನು ಬೇಕು? ಒಂಟಿ ಹೆಂಗಸು, ಬೊಂಬಾಯಿಯಿಂದ ಬಂದವಳು, ಮೈನೆರೆದ ಹುಡುಗಿಯರನ್ನೇ ಕರೆಯುತ್ತಾಳೆ, ಫೀಸು ಕೊಟ್ಟರೆ ಆಯಿತು ಇಲ್ಲದಿದ್ದರೂ ಆಯಿತು. ಲಾಭವಿಲ್ಲದೆ ಯಾರು ಇಷ್ಟೆಲ್ಲ ಮಾಡುತ್ತಾರೆ? ಹಾಲಿನ ಡೈರಿಯಲ್ಲಿ ಮಾತು ಹುಟ್ಟಿತು: ಹುಡುಗಿಯರನ್ನು ಪುಸಲಾಯಿಸಿ ಬೊಂಬಾಯಿಗೆ ಸಾಗಿಸುವುದೇ ಅವಳ ಕಸುಬು ಅಂಬ್ರ್. ಯಾರು ಅಂದದ್ದು ಎಂದು ಯಾರೂ ಕೇಳಲಿಲ್ಲ. ನಮ್ಮ ಕಡೆ "ಅಂಬ್ರ್", ಅಂದರೆ ಅನ್ನುತ್ತಾರೆ, ಎಂದರೆ ಸಾಕು, ಅದರ ಮೇಲೆ ಸಾಕ್ಷಿ ಬೇಡ.

ಬೇರೆ ತಾಯಂದಿರು ಮಕ್ಕಳನ್ನು ಅಲ್ಲಿಗೆ ಕಳಿಸಲು ಹಿಂದೆಮುಂದೆ ನೋಡುತ್ತಿದ್ದಾಗ ಅಮ್ಮ ನನ್ನನ್ನು ಕಳಿಸಿದಳು. ಹೊಲಿಗೆ ಕಲಿಯಲಿ ಎಂದಲ್ಲ. "ಎಂತ ನಡಿತ್ತ್ ಅಂದ್ ಸಮಾ ಕಂಡ್ಕಂಡ್ ಬಾ" ಎಂದಳು. ನಾನು ದಿನಾ ಸಾಯಂಕಾಲ ಶಾಲೆ ಬಿಟ್ಟ ಮೇಲೆ, ಪತ್ತೇದಾರಿಗೆಂದು ಹೊಲಿಗೆ ಕ್ಲಾಸಿಗೆ ಸೇರಿದವಳು.

ಮೊದಲ ದಿನವೇ ನನ್ನ ಅನುಮಾನಕ್ಕೆ ಮೇವು ಸಿಕ್ಕಿತು. ಎಲ್ಲರೂ ಬಂದ ಮೇಲೆ ಕ್ಲಾಸಕ್ಕ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ನಾನು ಕಿಟಕಿ ಎಲ್ಲಿದೆ ಎಂದು ನೋಡಿಟ್ಟುಕೊಂಡೆ. ಹೊರಗಿನಿಂದ ಬಾಗಿಲು ತಟ್ಟಿ, "ಹ್ವಾಯ್, ಯಾರಿದ್ರಿ ಒಳ್ಗೆ?" ಎಂದು ಕೂಗಿದರು. ಕೋಣೆ ತುಂಬ ಹುಡುಗಿಯರು. ಎಲ್ಲರೂ ಒಟ್ಟಿಗೆ ಎಂದೆವು, "ಯಾರೂ ಇಲ್ಲೆ!"

ಕ್ಲಾಸಕ್ಕ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ನಗುತ್ತಿದ್ದರು. ನನ್ನ ಎದುರಿಗೇ ನಿಂತು, ನಮ್ಮ ಕಡೆ ಹುಡುಗಿಯರನ್ನು ಕರೆಯುವ ಹಾಗೆ ಹೆಣೆ ಎಂದು ಕರೆದು ಕೇಳಿದರು. "ಯಾರೂ ಇಲ್ದೆ ಇದ್ರೆ ಕೂಗಿದ್ ಯಾರ್, ಹೆಣೆ? ನೀ ಇಲ್ಯಾ ಹಂಗಾರೆ?"

ನನಗೆ ಸಿಟ್ಟು ಬಂತು. ನಾಲ್ಕು ಜನರ ಎದುರು ನನ್ನನ್ನೇ ಹಿಡಿದದ್ದಕ್ಕೆ. ಅವತ್ತಿನಿಂದ ಅದೇ ಮೊದಲ ಪಾಠ. ದಿನಾ ಬಾಗಿಲು ತಟ್ಟುವುದು, ದಿನಾ ಒಬ್ಬೊಬ್ಬರಾಗಿ ಕೇಳಿಸುವಂತೆ "ನಾನಿದ್ದೆ" ಎಂದು ಹೆಸರು ಹೇಳುವುದು. ಹೊರಗೆ ಲಾರಿಗಳ ಸದ್ದು ಬೇರೆ. ಅದರ ಮೇಲೆ ನಮ್ಮ ದನಿ ಅವರಿಗೆ ಮುಟ್ಟದಿದ್ದರೆ ಬಾಗಿಲು ತೆಗೆಯುತ್ತಿರಲಿಲ್ಲ. ಗುಲಾಬಿ ಎಂದು ಒಬ್ಬಳಿದ್ದಳು, ಉಸಿರಿನಲ್ಲೇ ಮಾತಾಡುವವಳು. ಅವಳ "ನಾನಿದ್ದೆ" ಹೊರಗೆ ಕೇಳಲು ಒಂದು ಮಳೆಗಾಲವೇ ಬೇಕಾಯಿತು. ಕೇಳಿದ ದಿನ ನಾವೆಲ್ಲ ಚಪ್ಪಾಳೆ ಹೊಡೆದೆವು, ಅವಳು ಮೇಜಿನ ಕೆಳಗೆ ಕೂತು ಅತ್ತಳು.

ಮನೆಗೆ ಬಂದು ಅಮ್ಮನಿಗೆ ವರದಿ ಒಪ್ಪಿಸಿದೆ. ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿ, ಹೆಸರು ಯಾಕೆ ಹೇಳಿಸುತ್ತಾಳೆ ಎಂದು ಕೇಳಿದಳು. ಅದೂ ಗಟ್ಟಿಯಾಗಿ, ಹೈವೇಗೆ ಕೇಳುವಂತೆ? ಹೊರಗೆ ನಿಂತು ಯಾರಾದರೂ ಗುರುತು ಹಿಡಿಯುತ್ತಿದ್ದಾರೋ ಏನೋ! ನನಗೂ ಅದು ಹೌದೆನ್ನಿಸಿತು. ಮರುದಿನ ಹೊರಗೆ ಯಾರಾದರೂ ನಿಂತಿದ್ದಾರೋ ಎಂದು ನೋಡಿದೆ. ಎಳನೀರಿನವನು ಇದ್ದ. ಒಂದು ವಾರ ಅವನ ಮೇಲೂ ಕಣ್ಣಿಟ್ಟೆ. ಪಾಪ, ಅವನು ಎಳನೀರು ಮಾರುತ್ತಿದ್ದ ಅಷ್ಟೆ.

ಅನುಮಾನ ಪಟ್ಟುಕೊಂಡೇ ಹೋದೆ, ಅನುಮಾನ ಪಟ್ಟುಕೊಂಡೇ ಆ ಕೋಣೆ ಇಷ್ಟವಾಗತೊಡಗಿತು. ಗೋಡೆಗೆ ಸಾಲಾಗಿ ಮೊಳೆ ಹೊಡೆದಿದ್ದರು, ಒಬ್ಬೊಬ್ಬರಿಗೆ ಒಂದು. ಮೊಳೆಯ ಮೇಲೆ ನೀಲಿ ಚಾಕಿನಲ್ಲಿ ಹೆಸರು. ನಮ್ಮ ಹೊಲಿಗೆಯ ಚೀಲ ಅಲ್ಲಿ ತೂಗುಹಾಕಬೇಕು, ಬೇರೆಯವರ ಮೊಳೆ ಮುಟ್ಟುವ ಹಾಗಿಲ್ಲ. ಮನೆಯಲ್ಲಿ ನನ್ನದು ಎನ್ನಲು ಏನಿತ್ತು? ಅಪ್ಪಯ್ಯ ಬಂದರೆ ಅವರ ಮಂಚ, ಅಮ್ಮನ ಕಪಾಟು, ಬಂದವರಿಗೆ ಹಾಸುವ ನನ್ನ ಚಾಪೆ. ನನ್ನ ಹೆಸರಿನ ಜಾಗ ಎಂದು ಈ ಭೂಮಿಯ ಮೇಲೆ ಮೊದಲು ಸಿಕ್ಕಿದ್ದು ಆ ಮೊಳೆ. ಇದನ್ನು ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಒಂದು ಅರ್ಥ ಹುಡುಕುತ್ತಿದ್ದಳು.

ತಿಂಗಳ ಆ ದಿನಗಳಲ್ಲಿ ನಾವು ಯಾರೂ ಕ್ಲಾಸಿಗೆ ಹೋಗುತ್ತಿರಲಿಲ್ಲ. ಮನೆಯಲ್ಲಿ ಹೊರಗೆ ಕೂರುವುದು, ತಟ್ಟೆ ಲೋಟ ಬೇರೆ. ಕ್ಲಾಸಕ್ಕ ಕಾರಣ ಕೇಳಿದರು, ನಾವು ನೆಲ ನೋಡಿದೆವು. "ಮಿಷನ್ನಿಗೆ ಮೈಲ್ಗಿ ಗೊತ್ತಿಲ್ಲೆ, ಬನಿ" ಎಂದರು. ಅಷ್ಟೇ. ಆಮೇಲೆ ಟ್ರಂಕಿನಿಂದ ಹಳೆಯ ಮೆತ್ತನೆ ಬಟ್ಟೆ ತೆಗೆದು, ಅದನ್ನು ಹೇಗೆ ಮಡಚಿ ಹೊಲಿಯಬೇಕು, ಹೇಗೆ ಬಿಸಿಲಿಗೆ ಒಣಗಿಸಬೇಕು ಎಂದು ಕಾಲರ್ ಹೊಲಿಯಲು ಕಲಿಸಿದಷ್ಟೇ ಸಲೀಸಾಗಿ ಕಲಿಸಿದರು. ಮೈಯಲ್ಲಿ ಆಗುವುದನ್ನು ನಾಚಿಕೆಯಿಲ್ಲದೆ ಹೇಳಿದ ಮೊದಲ ಹೆಂಗಸು ಅವರು. ನಾನು ಇದನ್ನೂ ಅಮ್ಮನಿಗೆ ಹೇಳಲಿಲ್ಲ. ಪತ್ತೇದಾರಿ ಸಡಿಲವಾಗುತ್ತಾ ಬಂದಿತ್ತು.

ಒಂಬತ್ತನೆಯ ತರಗತಿ ಮುಗಿಯಲು ಬಂದಾಗ ಅತ್ತೆಯ ಗಂಡ, ನನ್ನ ಮಾವ, ಬೊಂಬಾಯಿಯಿಂದ ಬಂದರು. ಅತ್ತೆ ಅಂದರೆ ಅಪ್ಪಯ್ಯನ ತಂಗಿ. ಅವರಿಗೆ ಬಾಣಂತನ ಆಗಿತ್ತು, ಮಗು ನೋಡಿಕೊಳ್ಳಲು ಜನ ಬೇಕಿತ್ತು. ಮನೆಯ ಹುಡುಗಿಯಾದರೆ ನಂಬಿಕೆ ಎಂದರು ಮಾವ. ಅಪ್ಪಯ್ಯ ಒಪ್ಪಿದ್ದಾರೆ. ಶಾಲೆ? ಹತ್ತನೆಯದು ಫೇಲಾಗುವ ಬದಲು ಅಲ್ಲೇ ಮನೆಗೆಲಸ ಕಲಿತರೆ ಮದುವೆಗೂ ಅನುಕೂಲ. ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಸೀಟು ಆಗಿತ್ತು. ರೈಲು ಬಂದಿದ್ದರೂ ನಮ್ಮವರಿಗೆ ಬಸ್ಸಿನ ಮೇಲೇ ನಂಬಿಕೆ.

ನೋಡಿ, ಮೀನಿನವಳನ್ನು ನಂಬದ, ಕಂಡಕ್ಟರನನ್ನು ನಂಬದ ಅಮ್ಮ ಈ ಒಂದು ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಳು. ಸ್ವಂತದವರಲ್ಲವಾ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ನನಗೆ ಶಾಲೆ ಬೇಕಿತ್ತು. ಗಣಿತದಲ್ಲಿ ತರಗತಿಗೇ ಮೊದಲಿಗಳಾಗಿದ್ದೆ ಮಾರಾಯ್ರೆ, ಫೇಲಾಗುವುದೆಲ್ಲಿಂದ ಬಂತು? ಆದರೆ ಆ ಮನೆಯ ಗೋಡೆಗಳ ನಡುವೆ ನನ್ನ ಗಂಟಲಿನಿಂದ ಆ ಮಾತು ಹೊರಗೆ ಬರುವುದೇ ಇಲ್ಲ. ರಾತ್ರಿ ಮಲಗಿದಾಗ ಮನಸ್ಸಿನಲ್ಲೇ ಹೇಳಿ ನೋಡುತ್ತಿದ್ದೆ, ಬೆಳಗ್ಗೆ ಅಮ್ಮನ ಮುಖ ಕಂಡರೆ ಎಲ್ಲ ಮಾಯ.

ಬುಧವಾರ ಕ್ಲಾಸಿಗೆ ಹೋದವಳು ನನ್ನ ಚೀಲವನ್ನು ಮೊಳೆಯಿಂದ ತೆಗೆದು ಮಡಚಿದೆ. ಕ್ಲಾಸಕ್ಕ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದರು. ತಲೆ ಎತ್ತದೆ ಎಲ್ಲಿಗೆ ಎಂದು ಕೇಳಿದರು. ಹೇಳಿದೆ. ಮಾವ, ಮಗು, ಶುಕ್ರವಾರದ ಬಸ್ಸು ಎಲ್ಲ. ಅವರ ಕೈಯಲ್ಲಿದ್ದ ಎಣ್ಣೆಯ ಡಬ್ಬಿ ಓರೆಯಾಗಿ, ಎಣ್ಣೆ ಮೇಜಿನ ಮೇಲೆ ಹರಿಯಿತು. ಒರೆಸಲಿಲ್ಲ.

"ನಿಂಗ್ ಹೋಪುಕೆ ಮನ್ಸಿತ್ತಾ?" ಎಂದರು.

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳಿದ್ದು ಇವರು, ಬೊಂಬಾಯಿಗೆ ಸಾಗಿಸುತ್ತಾರೆ ಎಂದು ಊರೆಲ್ಲ ಹೇಳುವ ಹೆಂಗಸು. ನನಗೆ ಆಗಲೂ ಒಂದು ಸಣ್ಣ ಅನುಮಾನ ಬಂತೆಂದರೆ ನಂಬುತ್ತೀರಾ? ಯಾಕೆ ಕೇಳುತ್ತಾರೆ, ಇವರಿಗೇನು ಬೇಕು ಎಂದು. ಆದರೂ ಇಲ್ಲೆ ಎಂದು ತಲೆ ಆಡಿಸಿದೆ. ಮನೆಯಲ್ಲಿ ಹಾಗೆಂದು ಹೇಳಿದೆಯಾ ಎಂದರು. ಇಲ್ಲ ಎಂದೆ. ಹೇಳಲು ಆಗುವುದಿಲ್ಲವಾ ಎಂದರು. ಆಗುವುದಿಲ್ಲ ಎಂದೆ.

"ಇಲ್ಲಿ ಹೇಳುಕಾತ್ತಾ?"

"ಇಲ್ಲಿ ಆರೆ ಹೇಳ್ತೆ" ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು.

ಕ್ಲಾಸಕ್ಕ ಎಣ್ಣೆಯ ಡಬ್ಬಿ ಕೆಳಗಿಟ್ಟರು. ಆಮೇಲೆ ತಮ್ಮ ಬಗ್ಗೆ ಒಂದು ಮಾತು ಹೇಳಿದರು. ಅದಕ್ಕೂ ಮೊದಲು ಹೇಳಿದವರಲ್ಲ, ಆಮೇಲೂ ಹೇಳಿದವರಲ್ಲ. "ನನ್ನ್ ಕರ್ಕಂಡ್ ಹೋದ್ದ್ ಯಾವ ಕಳ್ಳರೂ ಅಲ್ಲ ಹೆಣೆ, ಸ್ವಂತ ದೊಡ್ಡಮ್ಮ. ಮಗು ಕಾಂಬುಕೆ ಅಂದಿದ್ರ್." ಮುಂದೇನಾಯಿತು ಎಂದು ನಾನು ಕೇಳಲಿಲ್ಲ... ಅವರ ಮುಖ ನೋಡಿದರೆ ಕೇಳುವ ಹಾಗಿರಲಿಲ್ಲ. ನನ್ನ ಕೈಯಿಂದ ಚೀಲ ತೆಗೆದುಕೊಂಡು ಮತ್ತೆ ಅದೇ ಮೊಳೆಗೆ ಹಾಕಿದರು. ಇದು ನಿನ್ನದು, ಬೇರೆ ಯಾರಿಗೂ ಕೊಡುವುದಿಲ್ಲ, ನಾಳೆ ಒಂದು ದಿನ ಬಂದು ಹೋಗು ಎಂದರು.

ಅವತ್ತು ಕ್ಲಾಸು ಬೇಗ ಮುಗಿಯಿತು. ಬೀಗ ಹಾಕಿ ಅವರು ಹೈವೇ ದಾಟಿ ಎಸ್‌ಟಿಡಿ ಬೂತಿನ ಒಳಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಅಭ್ಯಾಸಬಲ ನೋಡಿ, ಅದನ್ನು ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. "ಬೊಂಬಾಯಿಗೇ ಮಾಡಿಪ್ದ್ ಫೋನು" ಎಂದಳು ಅಮ್ಮ, ನನ್ನ ಬಟ್ಟೆಗಳನ್ನು ಬೊಂಬಾಯಿಗೆಂದು ಚೀಲಕ್ಕೆ ತುಂಬುತ್ತಾ.

ಗುರುವಾರ ಶಾಲೆ ಬಿಟ್ಟು ನಾವು ಕ್ಲಾಸಿಗೆ ಬಂದ ಮೇಲೆ ಕ್ಲಾಸಿನ ಎದುರು ಪೊಲೀಸ್ ಜೀಪು ಬಂದು ನಿಂತಿತು. ಹೆಮ್ಮಾಡಿಯ ಹೊಲಿಗೆ ಕ್ಲಾಸಿನಿಂದ ಹುಡುಗಿಯೊಬ್ಬಳನ್ನು ಶುಕ್ರವಾರ ಬೊಂಬಾಯಿಗೆ ಸಾಗಿಸುತ್ತಾರೆ ಎಂದು ಯಾರೋ ಹೆಸರು ಹೇಳದೆ ಸ್ಟೇಷನ್ನಿಗೆ ಫೋನು ಮಾಡಿದ್ದರಂತೆ. ಅಧಿಕಾರಿ ಘಟ್ಟದ ಮೇಲಿನವರು, ಬಂದು ಹೆಚ್ಚು ದಿನವಾಗಿರಲಿಲ್ಲ. ಜೊತೆಗೆ ಬೈಂದೂರು ಕಡೆಯ ಒಬ್ಬ ಹೆಂಗಸು ಕಾನ್‌ಸ್ಟೇಬಲ್ ಇದ್ದರು. ನಾವು ಬಾಗಿಲು ಹಾಕಿಕೊಂಡು ಕತ್ತರಿ ಕೆಲಸದಲ್ಲಿದ್ದೆವು. ಅಧಿಕಾರಿ ಬಾಗಿಲು ತಟ್ಟಿದರು.

"ಯಾರಮ್ಮಾ ಇದ್ದೀರಿ ಒಳಗೆ?"

ಬಾಗಿಲು ತಟ್ಟಿದ ಮೇಲೆ ನಮ್ಮ ಬಾಯಿ ನಮ್ಮ ಮಾತು ಕೇಳುತ್ತದಾ? ಸಾಲಾಗಿ ಶುರುವಾಯಿತು. ನಾನಿದ್ದೆ, ಗುಲಾಬಿ. ನಾನಿದ್ದೆ, ಅವಳು. ನಾನಿದ್ದೆ, ಇವಳು. ಕೊನೆಗೆ ನಾನು. ಬಾಗಿಲು ತೆರೆದುಕೊಂಡಿತು, ಖಾಕಿ ಕಂಡದ್ದೇ ನಮ್ಮ ಕೈಯ ಕತ್ತರಿಗಳು ಅಲ್ಲಲ್ಲೇ ನಿಂತವು. ಅಧಿಕಾರಿ ಮಾತ್ರ ನಮಗಿಂತ ಹೆಚ್ಚು ಗಲಿಬಿಲಿಗೊಂಡಿದ್ದರು.

"ಇದ್ದೆ ಅಂದ್ರೆ? ಈಗ ಎಲ್ಲಿದ್ದೀಯ?" ಎಂದು ಗುಲಾಬಿಯನ್ನು ಕೇಳಿದರು. ಎಲ್ಲರೂ ಎಲ್ಲಿಗೋ ಹೋಗಿ ಬಂದದ್ದನ್ನು ತಾವಾಗಿಯೇ ಒಪ್ಪಿಕೊಳ್ಳುತ್ತಿದ್ದಾರೆ ಎಂದು ತಿಳಿದಿದ್ದರು ಪುಣ್ಯಾತ್ಮರು. ಕಾನ್‌ಸ್ಟೇಬಲ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಸಾರ್, ನಮ್ಮ ಕಡೆ ಇದ್ದೆ ಅಂದರೆ ಇದ್ದೇನೆ ಅಂತ, ಹಿಂದಿನದ್ದಲ್ಲ, ಈಗಿನದ್ದು ಎಂದು ಬಿಡಿಸಿ ಹೇಳಿದರು. ನಮಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲಿ ಅರ್ಧ ಹೆದರಿಕೆ ಹೋಯಿತು.

ಅಧಿಕಾರಿ ಸ್ಟೂಲಿನ ಮೇಲೆ ಕೂತರು. ಕ್ಲಾಸಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೆದರಬೇಡಿ ಎಂದು ನಮಗೆ ಹೇಳಿ, ನಾಳೆ ಬಾಂಬೆಗೆ ಹೋಗುವವರು ಯಾರಿದ್ದೀರಿ ಎಂದು ಕೇಳಿದರು. ಕ್ಲಾಸಕ್ಕ ನನ್ನ ಕಡೆ ನೋಡಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದರು. ಎಂದೂ ತಪ್ಪದ ಕೈ ಅದು, ಆ ಹೊತ್ತು ದಾರಕ್ಕೆ ಸೂಜಿಯ ಕಣ್ಣು ಸಿಗುತ್ತಲೇ ಇರಲಿಲ್ಲ. ನಾನು ಗೋಡೆ ನೋಡಿದೆ. ಮೊಳೆ, ಚೀಲ, ನನ್ನ ಹೆಸರು.

"ನಾನಿದ್ದೆ" ಎಂದೆ.

ಅಧಿಕಾರಿ ಕ್ಲಾಸಕ್ಕನ ಕಡೆ ಬೆರಳು ತೋರಿಸಿ, ಇವರು ಕರೆದುಕೊಂಡು ಹೋಗುತ್ತಾರಾ ಎಂದರು. ನನ್ನ ದನಿ ಲಾರಿಗಳ ಸದ್ದಿನ ಮೇಲೆ ಹೋಗುವ ದನಿಯಾಗಿತ್ತು ಆಗಲೇ. "ಅಲ್ಲ. ನನ್ ಮಾವ. ಅತ್ತೆ ಮನಿಯಂಗೆ ಮಗು ಕಾಂಬುಕೆ. ನಂಗ್ ಮನ್ಸಿಲ್ಲೆ. ನಂಗ್ ಶಾಲಿಗ್ ಹೋಯ್ಕ್."

ಕಾನ್‌ಸ್ಟೇಬಲ್ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಮನೆಗೆ ಬಂದರು. ಮಾವ ಸಾಮಾನು ತರಲು ಕುಂದಾಪುರಕ್ಕೆ ಹೋಗಿದ್ದರು. ಜೀಪಿನ ಸದ್ದು ಕೇಳಿ ನಮ್ಮ ಮನೆಯ ಬಾಗಿಲು ಮುಚ್ಚಿಕೊಂಡಿತು. ಕಾನ್‌ಸ್ಟೇಬಲ್ ಅಂಗಳದಲ್ಲಿ ನಿಂತು, "ಹ್ವಾಯ್, ಯಾರಿದ್ರಿ ಮನಿಯಂಗೆ?" ಎಂದು ಕೂಗಿದರು.

"ಯಾರೂ ಇಲ್ಲೆ!" ಎಂದಳು ಒಳಗಿನಿಂದ ಅಮ್ಮ.

ನನಗೆ ಅಮ್ಮನ ಮೇಲೆ ಸಿಟ್ಟಿತ್ತು, ಆ ಕ್ಷಣಕ್ಕೆ ಸಿಟ್ಟೆಲ್ಲ ಇಳಿದುಹೋಯಿತು. ಅಮ್ಮನನ್ನೂ ಯಾರೂ ಯಾವತ್ತೂ ಏನೂ ಕೇಳಿರಲಿಲ್ಲವಲ್ಲ... ಮಾವ ಸೀಟು ಮಾಡಿಸಿದರು, ಅಪ್ಪಯ್ಯ ಹೂಂ ಅಂದರು, ಅವಳು ಬಟ್ಟೆ ತುಂಬಿದಳು. ಕಾನ್‌ಸ್ಟೇಬಲ್ ಜಗಲಿಯಲ್ಲಿ ಕೂತು ಮೆತ್ತಗೆ ಮಾತಾಡಿದರು. ಕತ್ತಲಾಗುವ ಹೊತ್ತಿಗೆ, ಅವರು ಹೇಳಿಕಳಿಸಿದ್ದರಿಂದ, ನಮ್ಮ ಹೆಡ್‌ಮಾಸ್ತರರೂ ಬಂದರು. ಶುಕ್ರವಾರದ ಬಸ್ಸಿಗೆ ಮಾವ ಒಬ್ಬರೇ ಹತ್ತಿದರು, ಮುಖ ದಪ್ಪ ಮಾಡಿಕೊಂಡು. ನಾನು ಹತ್ತನೆಯ ತರಗತಿಗೆ ಹೋದೆ, ಆಮೇಲೆ ಕಾಲೇಜು, ಆಮೇಲೆ ಸೊಸೈಟಿ.

ಬೆಲೆ ತೆತ್ತದ್ದು ಕ್ಲಾಸಕ್ಕ. ಜೀಪು ಅವರ ಬಾಗಿಲಲ್ಲಿ ನಿಂತದ್ದನ್ನು ಊರೆಲ್ಲ ನೋಡಿತ್ತು. ಜೀಪು ಯಾಕೆ ಬಂತು, ಹೇಗೆ ಹೋಯಿತು ಎಂದು ಯಾರಿಗೂ ಬೇಡ. ಪೊಲೀಸರು ಹಿಡಿಯಲು ಬಂದಿದ್ದರಂಬ್ರ್, ಹೇಗೋ ತಪ್ಪಿಸಿಕೊಂಡಳಂಬ್ರ್. ಒಬ್ಬೊಬ್ಬರಾಗಿ ಹುಡುಗಿಯರನ್ನು ಬಿಡಿಸಿದರು. ಅಮ್ಮನೂ ಇನ್ನು ಹೋಗಬೇಡ ಎಂದಳು. ಅವಳಿಗೆ ಪೂರಾ ಖಾತ್ರಿ, ಎಲ್ಲ ಆ ಹೆಂಗಸೇ ಹೇಳಿಕೊಟ್ಟದ್ದು, ಇಲ್ಲದಿದ್ದರೆ ನನ್ನ ಮಗಳಿಗೆ ಪೊಲೀಸರ ಎದುರು ಬಾಯಿ ಎಲ್ಲಿಂದ ಬರಬೇಕು ಎಂದು. ಕೋಣೆಯ ಯಜಮಾನರು ಮಳೆ ಶುರುವಾಗುವ ಮೊದಲು ಖಾಲಿ ಮಾಡಿ ಎಂದರು. ಮಿಷನ್ನುಗಳನ್ನು ಟೆಂಪೋಗೆ ಏರಿಸುವಾಗ ನಾನು ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಕ್ಲಾಸಕ್ಕ ದೂರದಿಂದಲೇ ಕೈ ಎತ್ತಿದರು. ನಾನೂ ಎತ್ತಿದೆ. ಪಕ್ಕದಲ್ಲಿ ಅಮ್ಮ ಇದ್ದಳು, ಅಷ್ಟರಲ್ಲಿ ಬಸ್ಸೂ ಬಂತು.

ಆ ಫೋನು ಮಾಡಿದ್ದು ಯಾರು? ವರ್ಷಗಟ್ಟಲೆ ನಾನು ಇದನ್ನು ತಲೆಯಲ್ಲಿ ಕಡೆಯುತ್ತಿದ್ದೆ. ಮೊದಲು ಹಾಲಿನ ಡೈರಿಯವರ ಮೇಲೆ ಅನುಮಾನ. ಆಮೇಲೆ ಪಕ್ಕದ ಮನೆಯವರು, ಆಮೇಲೆ ಪೇಟೆಯ ಇನ್ನೊಬ್ಬ ಟೈಲರು. ಎಳನೀರಿನವನೂ ಒಮ್ಮೆ ಪಟ್ಟಿಗೆ ಬಂದು ಹೋದ. ಯಾವುದೂ ತಾಳೆಯಾಗಲಿಲ್ಲ. ಸೊಸೈಟಿಗೆ ಸೇರಿದ ಮೇಲೆ, ಒಂದು ಮಧ್ಯಾಹ್ನ ಯಾರದೋ ಸಹಿ ನೋಡುತ್ತಾ ಕೂತಿದ್ದಾಗ, ಥಟ್ಟನೆ ಹೊಳೆಯಿತು. ಫೋನು ಮಾಡಿದವರು ಶುಕ್ರವಾರ ಎಂದಿದ್ದರು. ಶುಕ್ರವಾರ ಎಂದು ನಮ್ಮ ಮನೆಯ ಹೊರಗೆ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಹಾಗಾದರೆ ಜೀಪನ್ನು ನಮ್ಮ ಮನೆಗೆ ಕಳಿಸುವುದು ಬಿಟ್ಟು ತಮ್ಮ ಬಾಗಿಲಿಗೇ ಯಾಕೆ ಕರೆಸಿಕೊಂಡರು? ಮನೆಯ ಒಳಗೆ ನನ್ನ ಬಾಯಿ ತೆರೆಯುವುದಿಲ್ಲ ಎಂದು ನಾನೇ ಅವರಿಗೆ ಹೇಳಿದ್ದೆನಲ್ಲ. ಇಲ್ಲಿ ಆದರೆ ಹೇಳುತ್ತೇನೆ ಎಂದೂ ಹೇಳಿದ್ದೆ. ಎದುರಿದ್ದ ಗ್ರಾಹಕರು ಎರಡು ಸಲ ಕರೆದರಂತೆ, ನನಗೆ ಕೇಳಲಿಲ್ಲ.

ಆದರೂ ಅನುಮಾನ ಅನುಮಾನವೇ, ಖಾತ್ರಿಯಾಗಬೇಕಲ್ಲ. ಹುಡುಕಿದೆ. ಬೈಂದೂರಿನ ಆಚೆ ಒಂದು ಸಣ್ಣ ಪೇಟೆಯಲ್ಲಿ ಕ್ಲಾಸು ನಡೆಸುತ್ತಿದ್ದರು. ನನ್ನ ಮದುವೆಯಾಗಿ ಮಗಳು ಹುಟ್ಟಿದ ಮೇಲಿನ ಮಾತಿದು. ಕೂದಲು ಪೂರಾ ಬೆಳ್ಳಗಾಗಿತ್ತು, ವಾಚು ಮಾತ್ರ ಮಣಿಕಟ್ಟಿನ ಒಳಬದಿಗೇ ಇತ್ತು. ಗೋಡೆಯಲ್ಲಿ ಸಾಲು ಮೊಳೆಗಳು, ಬೇರೆ ಹೆಸರುಗಳು. ನನ್ನನ್ನು ಕಂಡ ಕೂಡಲೇ ಗುರುತಿಸಿದರು. ಗುಲಾಬಿ ಎಲ್ಲಿದ್ದಾಳೆ ಎಂದು ಕೇಳಿದರು. ಅವಳು ಪಂಚಾಯತಿ ಮೆಂಬರ್ ಆಗಿದ್ದಾಳೆ, ಮೈಕು ಹಿಡಿದರೆ ಬಿಡುವುದಿಲ್ಲ ಎಂದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚಾ ಕುಡಿದ ಮೇಲೆ, ಹುಡುಗಿಯರೆಲ್ಲ ಹೋದ ಮೇಲೆ, ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ.

"ಆವತ್ತ್ ಸ್ಟೇಷನ್ನಿಗೆ ಫೋನ್ ಮಾಡಿದ್ದ್ ಯಾರ್, ಕ್ಲಾಸಕ್ಕ?"

ಅವರು ಮಿಷನ್ನಿನ ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರು. ಎಣ್ಣೆ ಸರಿಯಾಗಿ ಇಳಿದಿದೆಯಾ ಎಂದು ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಕಳ್ಳ ನಗು ನಕ್ಕರು.

"ಯಾರೂ ಇಲ್ಲೆ" ಎಂದರು.

ನಾನು ಮುಂದೆ ಕೇಳಲಿಲ್ಲ. ನನ್ನ ಜೀವನದಲ್ಲಿ ಯಾರದಾದರೂ ಉತ್ತರವನ್ನು ಅಷ್ಟು ಪೂರ್ತಿಯಾಗಿ ನಂಬಿದ್ದು ಅದೊಂದೇ ಸಲ.

ಮತ್ತೆ ಹೋಗಬೇಕು ಹೋಗಬೇಕು ಎನ್ನುವುದರೊಳಗೆ ಅವರು ಹೋಗಿಬಿಟ್ಟಿದ್ದರು. ಗುಲಾಬಿ ಫೋನು ಮಾಡಿ ಹೇಳಿದಳು, ಅವಳಿಗೂ ತಡವಾಗಿ ಗೊತ್ತಾದದ್ದು. ಆ ಹೊತ್ತಿಗೆ ಹೆಮ್ಮಾಡಿಯ ಮಿಲ್ಲಿನ ಕೋಣೆಯನ್ನು ಹೈವೇ ಅಗಲ ಮಾಡುವವರು ಕೆಡವುತ್ತಿದ್ದರು. ನೋಡಲು ಹೋದೆ. ಹಂಚಿನ ಮಾಡು ಹೋಗಿತ್ತು, ಒಂದು ಗೋಡೆ ಇನ್ನೂ ನಿಂತಿತ್ತು. ಅದರ ಮೇಲೆ ತುಕ್ಕು ಹಿಡಿದ ಮೊಳೆಗಳ ಸಾಲು. ಚಾಕಿನ ಹೆಸರು ಎಂದೋ ಅಳಿಸಿಹೋಗಿತ್ತು, ಆದರೂ ನನ್ನದು ಯಾವುದೆಂದು ನನಗೆ ಗೊತ್ತಿತ್ತು. ದೂಳಿನಲ್ಲಿ ನಿಂತಿದ್ದ ನನಗೆ ಅಧಿಕಾರಿ ಅಂದು ಕೇಳಿದ ಪ್ರಶ್ನೆ ನೆನಪಾಯಿತು. ಇದ್ದೆ ಅಂದ್ರೆ? ಈಗ ಎಲ್ಲಿದ್ದೀಯ? ಅವತ್ತು ನಕ್ಕಿದ್ದೆವು. ಈ ಸಲ ನನಗೆ ಅಳು ಬಂತು. ಕೆಲಸದವರು ಜಾಗ ಬಿಡಿ ಅಮ್ಮ ಎಂದರು, ಬಂದುಬಿಟ್ಟೆ.

ಅಮ್ಮ ಈಗ ನನ್ನ ಜೊತೆಗೇ ಇದ್ದಾಳೆ. ಕ್ಲಾಸಕ್ಕ ಹೋದದ್ದನ್ನು ಹೇಳಿದಾಗ, ಒಳ್ಳೆಯವರೇ ಇರಬೇಕು ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, ಆದರೂ ಅವರು ಹೆಮ್ಮಾಡಿಗೇ ಯಾಕೆ ಬಂದರು ಎಂದು ಕೊನೆಗೂ ಗೊತ್ತಾಗಲಿಲ್ಲ ಎಂದಳು. ನಾನು ಜಗಳಕ್ಕೆ ಹೋಗಲಿಲ್ಲ.

ಮೊನ್ನೆ ರವಿಕೆ ತರಲು ಬ್ರಹ್ಮಾವರದ ಆ ಅಂಗಡಿಗೆ ಮತ್ತೆ ಹೋದೆ. ಮಿಕ್ಕಿದ ತುಂಡು ಕೇಳಿಯೇ ತರಬೇಕು ಎಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡಿದ್ದೆ. ಪರದೆಯ ಹಿಂದೆ ಮಿಷನ್ ಓಡುತ್ತಿತ್ತು, ಅದೇ ಎಣ್ಣೆಯ ವಾಸನೆ. "ಹ್ವಾಯ್, ಯಾರಿದ್ರಿ?" ಎಂದೆ. ಮಿಷನ್ ನಿಂತಿತು. "ಯಾರೂ ಇಲ್ಲೆ" ಎಂದಿತು ಅದೇ ಸಣ್ಣ ದನಿ.

"ಹಂಗಾರೆ ಮಿಷನ್ ತುಳುದ್ ಯಾರ್, ಹೆಣೆ? ನೀ ಇಲ್ಯಾ?"

ಹೊರಗೆ ಒಂದು ಲಾರಿ ಹೋಯಿತು. ನಾನು ಕಾದೆ. ಪರದೆ ಸ್ವಲ್ಪ ಸರಿಯಿತು. ಹದಿನೈದರ ಒಂದು ಮುಖ, ಅನುಮಾನದಿಂದ ನನ್ನನ್ನೇ ನೋಡುವ ಎರಡು ಕಣ್ಣು.

"...ನಾನಿದ್ದೆ" ಎಂದಳು.

ಯಾರ ಹತ್ತಿರ ಹೇಳಲಿ ಇದನ್ನು? ಹೇಳಬೇಕಾದವರು ಇಲ್ಲ. ರವಿಕೆ ತೆಗೆದುಕೊಂಡು ಮೆಟ್ಟಿಲು ಇಳಿದೆ. ಬಸ್ಸು ಹತ್ತಿ ಸಾಲಿಗ್ರಾಮ ದಾಟಿದ ಮೇಲೆ ನೆನಪಾಯಿತು, ತುಂಡು ಕೇಳಲು ಮರೆತೇಹೋಗಿತ್ತು.